ಸ್ಮ್ಯಾಶರ್ ಮಂಡಿಯ ಲೆಕ್ಕದ ಪುಸ್ತಕ

ಹೊನಲು ಬೆಳಕಿನ ವಾಲಿಬಾಲ್ ಪಂದ್ಯಾವಳಿಗೆ ಹೋದವರು ನಡುರಾತ್ರಿ ಕಳೆದ ಮೇಲೆ ಚೆಂಡು ಬಿಟ್ಟು ಸ್ಮ್ಯಾಶರ್‌ನನ್ನು ನೋಡಬೇಕು. ಎರಡು ಆಟಗಳ ನಡುವೆ ಅವನು ಕೂರುವುದಿಲ್ಲ. ನಿಂತೇ ನೀರು ಕುಡಿಯುತ್ತಾನೆ. ಕೂತರೆ ಏಳುವುದು ಕಷ್ಟವೆಂದು ಅವನಿಗೆ ಗೊತ್ತು. ಮಂಡಿಚಿಪ್ಪಿನ ಕೆಳಗೆ ಹೆಬ್ಬೆರಳಿಟ್ಟು ಒತ್ತಿಕೊಳ್ಳುತ್ತಾನೆ, ಸ್ಪ್ರೇ ಹೊಡೆಸಿಕೊಳ್ಳುತ್ತಾನೆ, ಕ್ರೇಪ್ ಬ್ಯಾಂಡೇಜ್ ಬಿಗಿಯುತ್ತಾನೆ. ಲಿಫ್ಟರ್ ಚೆಂಡು ಎತ್ತಿಕೊಟ್ಟ ಕೂಡಲೇ ಮತ್ತೆ ಹಾರುತ್ತಾನೆ. ನಾಲ್ಕು ಹಾರಿಕೆ ಆಗುವಷ್ಟರಲ್ಲಿ ನೋವು ಮಾಯ. ‘ಮೈ ಬಿಸಿಯಾದ್ರೆ ಎಲ್ಲ ಸರಿಹೋಗುತ್ತೆ’ ಅನ್ನುತ್ತಾರೆ ಜೊತೆಯವರು. ಮಾರನೆಯ ಬೆಳಿಗ್ಗೆ ಮೆಟ್ಟಿಲು ಇಳಿಯುವಾಗ ಅದೇ ಹುಡುಗ ಗೋಡೆ ಹಿಡಿದಿರುತ್ತಾನೆ.

ಬಿಸಿಯಾದಾಗ ಅಡಗಿ, ಮರುದಿನ ಎದ್ದು ಕೂರುವುದು ಈ ನೋವಿನ ಗುಣ. ಅಮೆರಿಕದ ಮೂಳೆವೈದ್ಯ ಮಾರ್ಟಿನ್ ಬ್ಲಝಿನಾ 1973ರಲ್ಲಿ ಇದಕ್ಕೆ ‘ಜಂಪರ್ಸ್ ನೀ’ ಎಂದು ಹೆಸರಿಟ್ಟರು. ಗುರುತಿಸುವುದಕ್ಕೆ ದೊಡ್ಡ ಯಂತ್ರ ಬೇಕಿಲ್ಲ. ಎಲ್ಲಿ ನೋವು ಎಂದು ಕೇಳಿದಾಗ ಆಟಗಾರ ಒಂದೇ ಬೆರಳಿನಲ್ಲಿ ಚಿಪ್ಪಿನ ಕೆಳತುದಿ ತೋರಿಸಿದರೆ ಅನುಮಾನ ಬಲವಾಗುತ್ತದೆ. ಇಡೀ ಅಂಗೈಯಲ್ಲಿ ಮಂಡಿ ಸವರಿದರೆ ಬೇರೆ ಕಾರಣ ಹುಡುಕಬೇಕು.

ತೊಡೆಯ ಮುಂಭಾಗದ ಸ್ನಾಯುಗಳ ಬಲವೆಲ್ಲ ಕಾಲಿಗೆ ಇಳಿಯುವುದು ಮಂಡಿಚಿಪ್ಪಿನ ಕೆಳಗಿನ ಒಂದು ಪಟ್ಟಿಯ ಮೂಲಕ. ಎರಡು ಬೆರಳಿನಷ್ಟು ಅಗಲ, ಕೆಲವೇ ಮಿಲಿಮೀಟರ್ ದಪ್ಪ. ಈ ಸ್ನಾಯುರಜ್ಜು ಎಷ್ಟು ಗಟ್ಟಿ ಎಂಬುದಕ್ಕೆ ಒಂದು ಅಪರೂಪದ ದಾಖಲೆಯಿದೆ. ಅಮೆರಿಕದ ಭಾರ ಎತ್ತುವ ಸ್ಪರ್ಧೆಯೊಂದರಲ್ಲಿ ಒಬ್ಬನ ಮಂಡಿಯ ರಜ್ಜು ಹರಿದುಹೋಯಿತು. ಆ ಗಳಿಗೆ ಚಲನಚಿತ್ರ ಕ್ಯಾಮೆರಾದಲ್ಲಿ ಸೆರೆಯಾಗಿತ್ತು. ಅದನ್ನು ಚೌಕಟ್ಟು ಚೌಕಟ್ಟಾಗಿ ಅಳೆದ ಸಂಶೋಧಕರು 1977ರಲ್ಲಿ ಲೆಕ್ಕ ಪ್ರಕಟಿಸಿದರು: ಹರಿಯುವಾಗ ರಜ್ಜಿನ ಮೇಲಿದ್ದ ಸೆಳೆತ ಅವನ ಮೈತೂಕದ ಸುಮಾರು 17.5 ಪಟ್ಟು. ಸ್ಮ್ಯಾಶರ್‌ನ ಒಂದು ಹಾರಿಕೆ ಅದರ ಹತ್ತಿರಕ್ಕೂ ಹೋಗುವುದಿಲ್ಲ. ಹಾಗಾಗಿ ಇದು ಒಂದೇಟಿಗೆ ಕಡಿಯುವ ಕಥೆಯಲ್ಲ, ಸವೆಯುವ ಕಥೆ. ಬಾವಿಯ ಹಗ್ಗ ಕೊಡದ ಭಾರಕ್ಕೆ ತುಂಡಾಗುವುದಿಲ್ಲ. ರಾಟೆಗೆ ಉಜ್ಜುವ ಜಾಗದಲ್ಲಿ ಎಳೆ ಎಳೆಯಾಗಿ ಹಿಂಜಿಕೊಳ್ಳುತ್ತದೆ. ಮಂಡಿಯಲ್ಲಿ ಆ ಜಾಗ ಚಿಪ್ಪಿನ ಕೆಳತುದಿ.

ಯಕ್ಷಗಾನದವರು ಇದನ್ನು ಓದುತ್ತಿದ್ದರೆ ಒಂದು ಮಾತು. ತೆಂಕುತಿಟ್ಟಿನ ದಿಗಿಣದ ಹಾರಿಕೆಯಲ್ಲಿ ಈ ರಜ್ಜಿಗೆ ಬೀಳುವ ಕೆಲಸ ಸ್ಮ್ಯಾಶರ್‌ನದೇ. ನೆಲಕ್ಕೆ ಮಂಡಿಯೂರಿ ತಿರುಗುವ ಕುಣಿತದ ನೋವು ಬೇರೆ ಜಾತಿಯದು; ಅಲ್ಲಿ ಸೆಳೆತಕ್ಕಿಂತ ಒತ್ತಡ ಹೆಚ್ಚು.

ಇನ್ನು ಈ ನೋವು ಯಾರನ್ನು ಹಿಡಿಯುತ್ತದೆ ಎಂಬುದಕ್ಕೆ ನಾರ್ವೆ. ಚಳಿದೇಶದ ಆ ಜನ ಒಳಾಂಗಣ ವಾಲಿಬಾಲ್ ಆಟಗಾರರ ಮಂಡಿಗಳನ್ನು ನೋಡಿದಷ್ಟು ತಾಳ್ಮೆಯಿಂದ ಇನ್ನಾರೂ ನೋಡಿದಂತಿಲ್ಲ. ಅಲ್ಲಿನ ಉನ್ನತ ದರ್ಜೆಯ ಆಟಗಾರರ ಬಗ್ಗೆ 2005ರಲ್ಲಿ ಬಂದ ಅಧ್ಯಯನದಲ್ಲಿ ವಾಲಿಬಾಲಿಗರ ಪೈಕಿ ಶೇಕಡಾ 44.6, ಬ್ಯಾಸ್ಕೆಟ್‌ಬಾಲಿಗರ ಪೈಕಿ ಶೇಕಡಾ 31.9 ಮಂದಿಗೆ ಈ ನೋವಿತ್ತು. ಅದಕ್ಕಿಂತ ಕುತೂಹಲದ ಸಂಗತಿ ಬೇರೆ. ನೋವಿರುವವರು ನೋವಿಲ್ಲದವರಿಗಿಂತ ಚೆನ್ನಾಗಿ ಹಾರುತ್ತಿದ್ದರು! ಹೋವರ್ಡ್ ವಿಸ್ನೆಸ್ ಮತ್ತು ರೋಲ್ಡ್ ಬಾರ್ ಎಂಬ ವೈದ್ಯರು ಎಳೆಯ ಆಟಗಾರರನ್ನು ವರ್ಷಗಟ್ಟಲೆ ಹಿಂಬಾಲಿಸಿದಾಗ, ಮುಂದೆ ಮಂಡಿ ಕೆಡಿಸಿಕೊಂಡ ಹುಡುಗರು ಮೊದಲ ದಿನದಿಂದಲೇ ಒಳ್ಳೆಯ ಹಾರುಗರಾಗಿದ್ದದ್ದು ತಿಳಿಯಿತು. ತರಬೇತಿಯ ಗಂಟೆಗಳು ಹೆಚ್ಚಿದಂತೆ ಅಪಾಯ ಹೆಚ್ಚಿತು; ಪಂದ್ಯದಲ್ಲಿ ವಾರಕ್ಕೆ ಹೆಚ್ಚಾಗಿ ಆಡಿದ ಒಂದೊಂದು ಸೆಟ್ಟೂ ಅದಕ್ಕಿಂತ ದುಬಾರಿಯಾಯಿತು. ಅಂದರೆ ಊರ ತಂಡ ಯಾರನ್ನು ನಂಬಿ ಎಲ್ಲ ಆಟಕ್ಕೂ ಇಳಿಸುತ್ತದೋ ಅವನ ಮಂಡಿಯೇ ಮೊದಲು ಹೋಗುವುದು.

ಹಾಗಾದರೆ ಮದ್ದೇನು? ಬಹುಕಾಲ ಇದನ್ನು ಟೆಂಡಿನೈಟಿಸ್, ಅಂದರೆ ಉರಿಯೂತ ಎಂದೇ ಕರೆದರು. ಉರಿಗೆ ಐಸು, ಗುಳಿಗೆ, ಸ್ಟೆರಾಯ್ಡ್ ಸೂಜಿ. ಆದರೆ ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ತುಣುಕನ್ನು ಸೂಕ್ಷ್ಮದರ್ಶಕದಡಿ ಇಟ್ಟರೆ ಅಲ್ಲಿ ಕಾಣುತ್ತಿದ್ದದ್ದು ಉರಿಯೂತಕ್ಕಿಂತ ಮುಖ್ಯವಾಗಿ ಸಾಲು ತಪ್ಪಿದ ಕೊಲ್ಯಾಜನ್ ಎಳೆಗಳು. 2002ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಕರೀಂ ಖಾನ್, ಜಿಲ್ ಕುಕ್ ಮೊದಲಾದವರು ಟೆಂಡಿನೈಟಿಸ್ ಎಂಬ ಮಿಥ್ಯೆ ಬಿಡುವ ಕಾಲ ಬಂತು ಎಂದು ಬರೆದರು. ನಮ್ಮ ಔಷಧಿ ಚೀಟಿಗಳಲ್ಲಿ ಆ ಪದ ಇನ್ನೂ ಆರಾಮವಾಗಿ ಬದುಕಿದೆ.

ಉತ್ತರ ಬಂದದ್ದು ಸ್ವೀಡನ್ನಿನ ಒಂದು ಹಟದಿಂದ. ಹಾಕನ್ ಆಲ್ಫ್ರೆಡ್‌ಸನ್ ಎಂಬ ಶಸ್ತ್ರವೈದ್ಯರಿಗೆ ಹಿಮ್ಮಡಿಯ ರಜ್ಜಿನಲ್ಲಿ ನೋವು. ಕೊಯ್ದು ಸರಿಮಾಡಿ ಎಂದರೆ ಮೇಲಿನವರು ಒಪ್ಪಲಿಲ್ಲ. ಹರಿದೇ ಹೋದರೆ ಕೊಯ್ಯಲೇಬೇಕಲ್ಲ ಎಂದು ಅವರು ಕಾಲಿನ ಮೇಲೆ ಭಾರ ಹಾಕಿ ಹಿಮ್ಮಡಿ ಇಳಿಸತೊಡಗಿದರು. ರಜ್ಜು ಹರಿಯಲಿಲ್ಲ, ವಾಸಿಯಾಯಿತು. ಹದಿನೈದು ಓಟಗಾರರ ಮೇಲೆ 12 ವಾರ ಅದನ್ನೇ ಪ್ರಯೋಗಿಸಿ 1998ರಲ್ಲಿ ಪ್ರಕಟಿಸಿದರು. ಮಂಡಿಯವರು ಅದನ್ನು ಎರವಲು ಪಡೆದು, 25 ಡಿಗ್ರಿ ಇಳಿಜಾರಿನ ಹಲಗೆಯ ಮೇಲೆ ಒಂಟಿಕಾಲಲ್ಲಿ ನಿಧಾನವಾಗಿ ಕುಳಿತೇಳುವ ಕ್ರಮ ರೂಪಿಸಿದರು. ಬಡಗಿಯೊಬ್ಬ ಅರ್ಧ ದಿನದಲ್ಲಿ ಮಾಡಿಕೊಡುವ ಹಲಗೆ ಅದು. 2006ರಲ್ಲಿ ನಾರ್ವೆಯವರು 40 ಮಂಡಿಗಳಲ್ಲಿ ಈ ವ್ಯಾಯಾಮವನ್ನೂ ಶಸ್ತ್ರಚಿಕಿತ್ಸೆಯನ್ನೂ ಹೋಲಿಸಿದರು. ವರ್ಷ ಕಳೆದಾಗ ಚಾಕು ಮೇಲೆನಿಸಲಿಲ್ಲ.

ಡೆನ್ಮಾರ್ಕಿನ 2009ರ ಪ್ರಯೋಗ ಸೂಜಿಯ ಬಣ್ಣವನ್ನೂ ಬಯಲು ಮಾಡಿತು. ಒಂದು ಗುಂಪಿಗೆ ಸ್ಟೆರಾಯ್ಡ್, ಒಂದಕ್ಕೆ ಇಳಿಜಾರು ಹಲಗೆ, ಇನ್ನೊಂದಕ್ಕೆ ಜಿಮ್ಮಿನಲ್ಲಿ ನಿಧಾನದ ಭಾರ. ಹನ್ನೆರಡನೆಯ ವಾರ ಮೂರೂ ಗುಂಪಿನವರು ಖುಷಿ. ಆರು ತಿಂಗಳಾಗುವಷ್ಟರಲ್ಲಿ ಸೂಜಿಯವರು ಹಿಂದೆ ಜಾರಿದ್ದರು, ವ್ಯಾಯಾಮದವರು ಗಳಿಸಿದ್ದನ್ನು ಉಳಿಸಿಕೊಂಡಿದ್ದರು. ರೋಗಿಯದೇ ರಕ್ತದಿಂದ ತೆಗೆದು ಚುಚ್ಚುವ ದುಬಾರಿ ಪಿಆರ್‌ಪಿ ಕೂಡ 2019ರ ಒಂದು ಪರೀಕ್ಷೆಯಲ್ಲಿ ಬರೀ ಉಪ್ಪುನೀರಿಗಿಂತ ಮೇಲು ಅನಿಸಿಕೊಳ್ಳಲಿಲ್ಲ.

ಆ ನಿಧಾನದ ಭಾರದ ಪದ್ಧತಿಯೇ ಈ ಅಂಕಣದ ಆಯ್ಕೆ. ವಾರಕ್ಕೆ ಮೂರು ದಿನ ಸ್ಕ್ವಾಟ್, ಲೆಗ್‌ಪ್ರೆಸ್. ಇಳಿಯಲು ಮೂರು ಸೆಕೆಂಡು, ಏರಲು ಮೂರು ಸೆಕೆಂಡು. ಮೊದಲ ವಾರ ಹದಿನೈದು ಸಲ ಮಾತ್ರ ಎತ್ತಲಾಗುವಷ್ಟು ಭಾರ, ಕೊನೆಗೆ ಆರೇ ಸಲ ಎತ್ತಲಾಗುವಷ್ಟು. ತುಸು ನೋವಿದ್ದರೂ ನಡೆಯುತ್ತದೆ. ಮರುದಿನ ಹೆಚ್ಚಾದರೆ ಭಾರ ಇಳಿಸಬೇಕು. ಕನಿಷ್ಠ ಮೂರು ತಿಂಗಳು. ಫಿಸಿಯೋ ಕಣ್ಣೆದುರು ಶುರುಮಾಡುವುದು ಒಳ್ಳೆಯದು. ಆಡುತ್ತಾಡುತ್ತ ಅಚಾನಕ್ಕಾಗಿ ‘ಟಪ್’ ಎಂದು ಸದ್ದಾಗಿ ಕಾಲು ನೇರ ಮಾಡಲಾಗದಿದ್ದರೆ ಇದ್ಯಾವುದೂ ಅಲ್ಲ, ಅಂದೇ ಆಸ್ಪತ್ರೆ.

ಪೂರ್ತಿ ವಿಶ್ರಾಂತಿ ಅಂತ ತಿಂಗಳುಗಟ್ಟಲೆ ಮಲಗಿದವರ ರಜ್ಜು ಇನ್ನಷ್ಟು ಬಲಗುಂದುತ್ತದೆ. ಅಂಗಳಕ್ಕೆ ಮರಳಿದ ಮೊದಲ ವಾರವೇ ನೋವು ಹಾಜರು. ಹಾಗೆಂದು ಆಟ ಒಂಚೂರೂ ಕಡಿಮೆ ಮಾಡದೆ ಹಲಗೆಯ ಮೇಲೆ ನಿಂತರೂ ಫಲವಿಲ್ಲ. ಋತುವಿನ ನಡುವೆ ಎಂದಿನಂತೆ ಆಡುತ್ತಲೇ ಹಲಗೆಯ ವ್ಯಾಯಾಮ ಮಾಡಿದ ನಾರ್ವೆಯ ವಾಲಿಬಾಲಿಗರಿಗೆ ಏನೂ ದಕ್ಕಲಿಲ್ಲ ಎಂದು 2005ರಲ್ಲೇ ವರದಿಯಾಗಿದೆ. ಕಡಿಮೆಯಾಗಬೇಕಾದದ್ದು ಹಾರಿಕೆ, ಹೆಚ್ಚಾಗಬೇಕಾದದ್ದು ಭಾರ.

ಪಂದ್ಯಾವಳಿ ಸಂಘಟಿಸುವವರಲ್ಲಿ ಒಂದು ಕೋರಿಕೆ. ಬಹುಮಾನದ ಮೊತ್ತ ಸ್ವಲ್ಪ ಇಳಿದರೂ ಚಿಂತೆಯಿಲ್ಲ, ಆಟಗಳನ್ನು ಎರಡು ರಾತ್ರಿಗೆ ಹಂಚಿ. ಸಿಮೆಂಟ್ ನೆಲಕ್ಕಿಂತ ಹದಮಾಡಿದ ಮಣ್ಣಿನ ಅಂಗಳ ಆರಿಸಿ. ತಂಡದ ವ್ಯವಸ್ಥಾಪಕರು ಸ್ಕೋರಿನ ಪಕ್ಕದಲ್ಲೇ ಸ್ಮ್ಯಾಶರ್ ಆ ವಾರ ಆಡಿದ ಸೆಟ್‌ಗಳನ್ನೂ ಬರೆದಿಡಲಿ.