ಬಾಯಿಲ್ಲದ ಕೈಗಳು

ಸಿನಿಮಾ ನೋಡಿ ಬಂದವರು ನಿರ್ದೇಶಕನ ಹೆಸರು ಹೇಳ್ತಾರೆ, ಬರೆದವರ ಹೆಸರು ಹೇಳೋದಿಲ್ಲ. ‘ಮೆಟ್ರೊಪೊಲಿಸ್’ ಅಂದ ಕೂಡಲೇ ಜರ್ಮನಿಯ ಫ್ರಿಟ್ಜ್ ಲ್ಯಾಂಗ್ ಎನ್ನುತ್ತಾರೆ. ಆದರೆ ಆ ಕಾದಂಬರಿಯನ್ನು ಬರೆದವಳು, ಚಿತ್ರಕಥೆಯನ್ನು ಕಟ್ಟಿದವಳು ಅವನ ಹೆಂಡತಿ ತೇಯಾ ಫಾನ್ ಹಾರ್ಬೂ. ಹೆಣ್ಣಿನ ದುಡಿಮೆ ಗಂಡನ ಹೆಸರಿನಡಿ ಮುಚ್ಚಿಹೋದದ್ದು ಅನ್ಯಾಯ. ಆ ಹೆಸರನ್ನು ಮತ್ತೆ ಎತ್ತಿ ಹೇಳೋಣ. ಹೇಳಿದ ಮೇಲೆ, ಆಕೆ ಯಾರ ಪರ ಬರೆದಳು ಅಂತಲೂ ಕೇಳೋಣ.

1888ರಲ್ಲಿ ಹುಟ್ಟಿದ ತೇಯಾ ಹೆಸರಿಗೆ ದೊಡ್ಡ ಮನೆತನದವಳು, ಆಸ್ತಿ ಕರಗಿಹೋಗಿತ್ತು. 1906ರಲ್ಲಿ ಡುಸೆಲ್ಡಾರ್ಫ್‌ನಲ್ಲಿ ರಂಗ ಹತ್ತಿ, ಊರೂರು ತಿರುಗಿ ನಟಿಸಿದಳು. ಜೊತೆಗೇ ಕಾದಂಬರಿ ಬರೆದಳು. 1918ರ ಅವಳ ‘ಇಂಡಿಯಾದ ಗೋರಿ’ 1921ರಲ್ಲಿ ಸಿನಿಮಾ ಆಯಿತು. ಮಹಾರಾಜ, ಯೋಗಿ, ಹುಲಿಗಳ ಇಂಡಿಯಾ ಅದು. ನಮ್ಮ ಕೇರಿ ಅದರಲ್ಲಿಲ್ಲ. 1922ರಲ್ಲಿ ಲ್ಯಾಂಗ್‌ನನ್ನು ಮದುವೆಯಾದಳು. ಮುಂದಿನ ಹತ್ತು ವರ್ಷ ಅವನ ಚಿತ್ರಗಳ ಬರಹವೆಲ್ಲ ಅವಳ ಕೈಯಲ್ಲೇ ನಡೆಯಿತು.

‘ಮೆಟ್ರೊಪೊಲಿಸ್’ ತೆರೆ ಕಂಡದ್ದು 1927ರ ಜನವರಿಯಲ್ಲಿ. ಮೇಲೆ ಒಡೆಯರ ಉಪ್ಪರಿಗೆ, ನೆಲದಡಿ ಕಾರ್ಮಿಕರ ಊರು. ಕಾರ್ಮಿಕನಿಗೆ ಹೆಸರಿನ ಬದಲು ನಂಬರು: 11811. ಪಾಳಿ ಬದಲಾಗುವಾಗ ತಲೆ ತಗ್ಗಿಸಿ ಸಾಲಾಗಿ ನಡೆಯುವ ಆ ಜನರನ್ನು ನೋಡಿದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಕಥೆ ಮುಂದೆ ಹೋದಂತೆ ಮೋಸ ಕಾಣುತ್ತದೆ. ಕಾರ್ಮಿಕರು ದಂಗೆ ಏಳುವುದು ತಮ್ಮ ತಿಳಿವಿನಿಂದಲ್ಲ, ಹೆಣ್ಣಿನ ರೂಪದ ಒಂದು ಯಂತ್ರ ಕೆರಳಿಸಿದ್ದರಿಂದ. ಎದ್ದವರು ಏನು ಮಾಡುತ್ತಾರೆ? ಯಂತ್ರ ಒಡೆದು ತಮ್ಮ ಮನೆಗಳಿಗೇ ನೀರು ನುಗ್ಗಿಸುತ್ತಾರೆ. ಅವರ ಮಕ್ಕಳನ್ನು ಉಳಿಸಲು ಒಡೆಯನ ಮಗನೇ ಬರಬೇಕು! ಕೊನೆಗೆ ಚರ್ಚಿನ ಬಾಗಿಲಲ್ಲಿ ಆ ಮಗ ಅಪ್ಪನ ಕೈಯನ್ನೂ ಮೇಸ್ತ್ರಿಯ ಕೈಯನ್ನೂ ಕೂಡಿಸುತ್ತಾನೆ. ಒಡೆಯ ತಲೆ, ದುಡಿಯುವವರು ಕೈ, ನಡುವೆ ಹೃದಯ ಬೇಕು ಎಂಬುದು ತೇಯಾಳ ತತ್ವ. ಕೂಲಿ ಎಷ್ಟು ಏರಿತು? ಪಾಳಿ ಎಷ್ಟು ಗಂಟೆ ಇಳಿಯಿತು? ಆ ಮಾತೇ ಇಲ್ಲ.

ಈ ತಲೆ-ಕೈ ಲೆಕ್ಕ ನಮಗೆ ಹೊಸದಲ್ಲ. ಪುರುಷಸೂಕ್ತದಲ್ಲಿ ಬ್ರಾಹ್ಮಣ ಬಾಯಿ, ಶೂದ್ರ ಪಾದ. ನಮಗಂತೂ ಪಾದದಲ್ಲೂ ಜಾಗವಿಲ್ಲ. ಸಮಾಜವನ್ನು ಒಂದು ಮೈ ಎಂದು ಒಪ್ಪಿಸಿಬಿಟ್ಟರೆ ಸಾಕು, ಕೈ ಯಾವತ್ತೂ ಕೈಯೇ, ಕಾಲು ಯಾವತ್ತೂ ಕಾಲೇ. ಜಾತಿ ಕೆಲಸವನ್ನಷ್ಟೇ ಅಲ್ಲ, ಕೆಲಸ ಮಾಡುವವರನ್ನೇ ಮೇಲು ಕೀಳಾಗಿ ಹೋಳು ಮಾಡುತ್ತದೆ ಎಂದು ಬಾಬಾಸಾಹೇಬರು 1936ರಲ್ಲೇ ತೋರಿಸಿಕೊಟ್ಟರು. ತೇಯಾ ಆ ಹೋಳುಗಳನ್ನು ಹಾಗೇ ಇಟ್ಟು ಮೇಲೆ ಕರುಣೆ ಸವರಿದಳು. ಲ್ಯಾಂಗ್ ಕೂಡ ಮುಂದೆ ಇದನ್ನು ಬರೀ ಅಜ್ಜಿಕಥೆ ಎಂದು ಕೈತೊಳೆದುಕೊಂಡ. ಆದರೆ ನೆರೆಯ ದೃಶ್ಯಕ್ಕೆ ಬರ್ಲಿನ್ನಿನ ಬಡವರ ಕೇರಿಗಳ ಮಕ್ಕಳನ್ನು ತಂದು ತಣ್ಣೀರಿನಲ್ಲಿ ನಿಲ್ಲಿಸಿದವನು ಅವನೇ. ಕರುಣೆಯ ಸಿನಿಮಾ ತಯಾರಾದದ್ದು ಹೀಗೆ.

ಅವಳಿಗೆ ಬೇರೆ ರೀತಿ ಬರೆಯಲು ಬರುತ್ತಿರಲಿಲ್ಲವೇ? ಬರುತ್ತಿತ್ತು. 1931ರ ‘ಎಂ’ ನೋಡಿ. ಬಟ್ಟೆ ಒಗೆದು ದಣಿದ ತಾಯಿ ಊಟಕ್ಕೆ ಇಟ್ಟು ಮಗಳಿಗಾಗಿ ಕಾಯುತ್ತಾಳೆ. ಮಗಳು ಬರುವುದಿಲ್ಲ. ಖಾಲಿ ಮೆಟ್ಟಿಲು, ಖಾಲಿ ತಟ್ಟೆ, ತಾಯಿಯ ಕೂಗು. ಇಲ್ಲಿ ಯಾವ ನೀತಿಬೋಧೆಯೂ ಇಲ್ಲ, ಬಡ ಹೆಂಗಸಿನ ಬಾಯಿ ಅವಳದೇ ಆಗಿ ಮಾತಾಡುತ್ತದೆ. ಅದೇ ವರ್ಷ ಗರ್ಭಪಾತವನ್ನು ಅಪರಾಧ ಎನ್ನುತ್ತಿದ್ದ 218ನೇ ಕಲಮಿನ ವಿರುದ್ಧದ ಚಳವಳಿಯಲ್ಲೂ ತೇಯಾ ಮುಂದೆ ನಿಂತಳು. ಅವಳ ಸಾಮರ್ಥ್ಯ ಗೊತ್ತಿರುವುದರಿಂದಲೇ ಮುಂದಿನದು ಹೆಚ್ಚು ನೋಯಿಸುತ್ತದೆ.

1933ರಲ್ಲಿ ಹಿಟ್ಲರ್ ಬಂದ. ಲ್ಯಾಂಗ್ ದೇಶ ಬಿಟ್ಟ. ತೇಯಾ ಉಳಿದಳು, ಬರೆದಳು, ನಾಜಿ ಪಕ್ಷದ ಸದಸ್ಯಳೂ ಆದಳು. ಅವಳ ಆಗಿನ ಸಂಗಾತಿ ನಮ್ಮ ಬೆಳಗಾವಿ ಸೀಮೆಯ ಪತ್ರಕರ್ತ ಆಯಿ ತೆಂಡೂಲ್ಕರ್. ಜನಾಂಗದ ಶುದ್ಧಿ ಸಾರುತ್ತಿದ್ದ ಆ ಆಳ್ವಿಕೆಯಲ್ಲಿ ಅವರ ಸಂಬಂಧ ಗುಟ್ಟಾಗಿರಬೇಕಾಯಿತು. ಶುದ್ಧಿಯ ಬೆಂಕಿ ತನ್ನ ಮನೆಯನ್ನೇ ಮುಟ್ಟಿದರೂ ಆಕೆಯ ಪೆನ್ನು ಎದ್ದು ನಿಲ್ಲಲಿಲ್ಲ. 1937ರ ‘ಆಳುವವನು’ ಚಿತ್ರಕ್ಕೆ ಬರೆದಳು. ಅದರಲ್ಲಿ ಉಕ್ಕಿನ ಕಾರ್ಖಾನೆಯ ಒಡೆಯ ತನ್ನ ಮಕ್ಕಳನ್ನು ಬಿಟ್ಟು ಕಾರ್ಖಾನೆಯನ್ನು ರಾಷ್ಟ್ರಕ್ಕೆ ಬರೆದುಕೊಡುತ್ತಾನೆ. ದುಡಿದವರಿಗಲ್ಲ, ರಾಷ್ಟ್ರಕ್ಕೆ! ಹತ್ತು ವರ್ಷದ ಹಿಂದೆ ನಡುವೆ ನಿಂತು ಕೈ ಕೂಡಿಸಿದ್ದ ‘ಹೃದಯ’ ಈಗ ನಾಯಕನಾಗಿ ತಲೆಯ ಮೇಲೇ ಕೂತಿತ್ತು. ಇಂಡಿಯಾದವರಿಗೆ ನೆರವಾಗಲೆಂದೇ ಪಕ್ಷ ಸೇರಿದೆ ಎಂದು ಯುದ್ಧ ಮುಗಿದ ಮೇಲೆ ಹೇಳಿಕೊಂಡಳು. 1954ರಲ್ಲಿ ತೀರಿಕೊಂಡಳು.

ನಮ್ಮಲ್ಲೂ ಇಂಥ ಬರಹ ಬೇಕಾದಷ್ಟಿದೆ. ಒಳ್ಳೆಯ ಗೌಡರ ಮಗ ಕೇರಿಗೆ ಬರುತ್ತಾನೆ, ಕಣ್ಣೀರು ಹಾಕುತ್ತಾನೆ, ಅಪ್ಪನ ಮನಸ್ಸು ಕರಗಿಸುತ್ತಾನೆ. ಜಮೀನು ಮಾತ್ರ ಕರಗೋದಿಲ್ಲ. ಕನಿಕರ ಬೇರೆ, ಹಕ್ಕು ಬೇರೆ. ಹಳ್ಳಿ ಶಾಲೆಯ ಮೇಷ್ಟ್ರುಗಳು, ಹಾಸ್ಟೆಲಿನ ಗೆಳೆಯರು ‘ಮೆಟ್ರೊಪೊಲಿಸ್’ ತರಿಸಿ ತೋರಿಸಲಿ, ಅದು ನೋಡಲೇಬೇಕಾದ ಚಿತ್ರ. ಮುಗಿದ ಮೇಲೆ ಮಕ್ಕಳನ್ನು ಒಂದು ಪ್ರಶ್ನೆ ಕೇಳಿ: ಆ 11811 ತನ್ನ ಕಥೆಯನ್ನು ತಾನೇ ಬರೆದಿದ್ದರೆ, ಕೊನೇ ದೃಶ್ಯದಲ್ಲಿ ಒಡೆಯನ ಕೈ ಹಿಡಿಯುತ್ತಿದ್ದನೇ?