ರಾಜೇಂದ್ರನಾಮೆ: ವಂಶಾವಳಿಯೊಳಗಿನ ವಾದ

ಗ್ಲೆನ್ ವೇವರ್ಲಿಯಲ್ಲಿ ಕುಳಿತು ವಂಶವೃಕ್ಷ ಬರೆಯಹೊರಟ ನಮ್ಮವರಿಗೆ, ಅದರ ಬೇರು ಯಾವುದಾದರೊಂದು ಅರಮನೆಯನ್ನು ಮುಟ್ಟಿದರೆ ಹಿಗ್ಗು. ಅಂಥವರು ಕೊಡಗಿನ ಹಾಲೇರಿ ಅರಸರ ಚರಿತ್ರೆಯಾದ ‘ರಾಜೇಂದ್ರನಾಮೆ’ಯನ್ನು ಎಚ್ಚರದಿಂದ ಓದಬೇಕು.

1633ರಿಂದ 1807ರವರೆಗಿನ ಈ ಕಥನವನ್ನು ಬರೆಸಿದವನು ದೊಡ್ಡ ವೀರರಾಜೇಂದ್ರ. ಪಿರಿಯಾಪಟ್ಟಣದ ಸೆರೆಯಿಂದ 1788ರಲ್ಲಿ ಪಾರಾಗಿ, ಟಿಪ್ಪುವಿನೊಡನೆ ಕಾದಿ, ರಾಜ್ಯವನ್ನು ಮರಳಿ ಪಡೆದ ಅವನ ಸಾಹಸವೇ ಕೃತಿಯ ಜೀವಾಳ. ಆದರೆ ಇದು ಬರಿಯ ನೆನಪಲ್ಲ. ಇದರೊಳಗೆ ಹಕ್ಕಿನ ವಾದವೂ ಇದೆ. ಪಟ್ಟದ ರಾಣಿಯಲ್ಲಿ ಗಂಡುಸಂತಾನವಿಲ್ಲದ ದೊರೆಗೆ, ಮಗಳು ದೇವಮ್ಮಾಜಿಗೆ ಗದ್ದುಗೆ ಉಳಿಸುವ ಚಿಂತೆಯಿತ್ತು. ಅವನು 1809ರಲ್ಲಿ ತೀರಿಕೊಂಡ. 1811ರಲ್ಲಿ ತಮ್ಮ ಲಿಂಗರಾಜೇಂದ್ರ ತಾನೇ ಪಟ್ಟವೇರಿದ. ಬರೆಸಿಟ್ಟ ವಂಶಾವಳಿ ಮಗಳನ್ನು ಕಾಯಲಿಲ್ಲ.

ಆ ಲಿಂಗರಾಜೇಂದ್ರನ ಮೊಮ್ಮಗಳು ಗೌರಮ್ಮ 1852ರಲ್ಲಿ ಇಂಗ್ಲೆಂಡಿನಲ್ಲಿ ವಿಕ್ಟೋರಿಯಾ ರಾಣಿಯ ಧರ್ಮಪುತ್ರಿಯಾದಳು. 1860ರಲ್ಲಿ ಕರ್ನಲ್ ಕ್ಯಾಂಬೆಲ್‌ನನ್ನು ಮದುವೆಯಾದಳು. ಅವರ ಮಗಳು ಎಡಿತ್. ಹಾಲೇರಿ ಎಂಬ ಹೆಸರನ್ನಷ್ಟೇ ಹಿಂಬಾಲಿಸಿದರೆ ಈ ಕವಲು ಕಣ್ಣಿಗೇ ಬೀಳದು.

ವಿಕ್ಟೋರಿಯಾ ರಾಜ್ಯದ ಆರಂಭದ ವಲಸಿಗರ ಮೂಲ ಹುಡುಕುವವರು ಇಲ್ಲಿನ ದಾಖಲೆ ಕಚೇರಿಯ ಹಡಗಿನ ಪ್ರಯಾಣಿಕರ ಪಟ್ಟಿಗಳನ್ನು ನೋಡುತ್ತಾರೆ. ಅವು ಯಾರ ಹಿರಿಮೆಗೂ ಬರೆದವಲ್ಲ. ನಮ್ಮ ವೃಕ್ಷಕ್ಕೂ ಅದೇ ಅಳತೆ ಇರಲಿ: ಅಜ್ಜಿಯರ ಹೆಸರು, ತವರೂರು ಇಲ್ಲದ ವಂಶಾವಳಿ ಅರ್ಧ ಮಾತ್ರ.