ಮುಗ್ಧತೆಯೋ ಮೌಢ್ಯವೋ? ‘ಘಾಚರ್ ಘೋಚರ್’ ಕಥೆಯ ಒಂದು ಪರಾಮರ್ಶೆ

ಅಂಕೋಲೆಯಲ್ಲಿ ಜನಿಸಿದ ಶ್ರೀ ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಎಂಬ ನೀಳ್ಗತೆಯು 2013ರಲ್ಲಿ ಪ್ರಕಟವಾಯಿತು. ಇಂಗ್ಲಿಷ್ ಅನುವಾದದ ಮೂಲಕ ಅದು ಪರದೇಶದ ವಾಚಕರನ್ನೂ ಮುಟ್ಟಿದ ಮೇಲೆ ಅದಕ್ಕೊಂದು ವ್ಯಾಖ್ಯಾನವು ರೂಢವಾಗಿದೆ. ಬಡತನದಲ್ಲಿ ಮುಗ್ಧವಾಗಿದ್ದ ಕುಟುಂಬವೊಂದು ಹಣ ಬಂದೊಡನೆ ಕೆಟ್ಟಿತು. 1991ರ ಆರ್ಥಿಕ ನೀತಿಯ ತರುವಾಯ ರಾಷ್ಟ್ರವೂ ಅಂತೆಯೇ ಕೆಟ್ಟಿತು. ಆದುದರಿಂದ ಕಥಾನಾಯಕನ ಮುಗ್ಧತಾನಾಶವೇ ರಾಷ್ಟ್ರದ ಮುಗ್ಧತಾನಾಶ, ಎಂಬುದು ಆ ವ್ಯಾಖ್ಯಾನದ ಸಾರ. ಇಷ್ಟು ಸುಲಭವಾಗಿ ಕೈಗೆ ಸಿಕ್ಕುವ ಸಾದೃಶ್ಯವನ್ನು ಒಮ್ಮೆ ಒರೆಗೆ ಹಚ್ಚಿ ನೋಡುವುದು ಅವಶ್ಯ.

ಮೊದಲು ಪದವಿಚಾರ. ‘ಮುಹ್’ ಧಾತುವಿಗೆ ಕ್ತಪ್ರತ್ಯಯವು ಸೇರಿದಾಗ ‘ಮುಗ್ಧ’, ‘ಮೂಢ’ ಎಂಬ ಎರಡು ರೂಪಗಳೂ ಸಿದ್ಧಿಸುವುವು. ಪಾಣಿನಿಯು ಇದನ್ನು ವಿಕಲ್ಪವಾಗಿಯೇ ವಿಧಿಸಿದ್ದಾನೆ. ಒಂದೇ ಧಾತುವಿನ ಈ ಅವಳಿಗಳನ್ನು ಲೋಕವು ಬೇರ್ಪಡಿಸಿ, ಒಂದನ್ನು ಹೊಗಳಿಕೆಗೂ ಇನ್ನೊಂದನ್ನು ತೆಗಳಿಕೆಗೂ ಇರಿಸಿಕೊಂಡಿತು. ಆಲಂಕಾರಿಕರು ನಾಯಿಕೆಯರನ್ನು ಮುಗ್ಧಾ, ಮಧ್ಯಾ, ಪ್ರಗಲ್ಭಾ ಎಂದು ವಿಭಾಗಿಸುವಲ್ಲಿ ಮುಗ್ಧೆಯು ಪ್ರಗಲ್ಭೆಯಾಗುವುದು ವಯೋಧರ್ಮವೇ ಹೊರತು ಪತನವಲ್ಲ. ಮುಗ್ಧತೆ ಹೋಯಿತೆಂದು ಶೋಕಿಸುವ ಪರಿಪಾಟಿಯು ಏದೆನ್ ತೋಟದ ಕಥೆಯಿಂದ ಆಂಗ್ಲ ವಿಮರ್ಶೆಯ ದ್ವಾರಾ ನಮ್ಮಲ್ಲಿಗೆ ಬಂದುದು. ಬಂದುದೆಂಬ ಮಾತ್ರದಿಂದ ತ್ಯಾಜ್ಯವಲ್ಲ ನಿಜ. ಆದರೆ ಪ್ರಕೃತ ಕಥೆಗೆ ಅದು ಹೊಂದುವುದೇ?

ಹೊಂದದು. ಬೆಂಗಳೂರಿನ ಕಿರುಮನೆಯಲ್ಲಿ ಈ ಕುಟುಂಬವು ಬಡತನದಲ್ಲಿದ್ದ ಕಾಲದ ಚಿತ್ರವನ್ನೇ ನೋಡಬೇಕು. ತಂದೆಯು ಮಾರಾಟದ ಕೆಲಸದವನು. ಅವನ ದಿನದ ಲೆಕ್ಕವು ಕೂಡದೆ ಹೋದಾಗ ಮನೆಮಂದಿಯೆಲ್ಲ ತಲ್ಲಣಿಸುವರು. ಇದು ಕಥೆಯ ಅತ್ಯಂತ ಕೋಮಲವಾದ ಭಾಗ. ಆದರೆ ಅದೇ ಮನೆಯಲ್ಲಿ ಇರುವೆಗಳ ಕಾಟವೂ ಉಂಟು. ಅವನ್ನು ಹೊಸಕುವುದರಲ್ಲಿ ಆ ಮಂದಿಗೆ ದೊರೆಯುವ ತೃಪ್ತಿಯು ಆವಶ್ಯಕತೆಯ ಎಲ್ಲೆಯನ್ನು ಮೀರಿದುದು. ಮುಂದೆ ಚಿಕ್ಕಪ್ಪನ ಸೋನಾ ಮಸಾಲೆಯ ವ್ಯಾಪಾರದಿಂದ ಐಶ್ವರ್ಯವು ಬಂದಾಗ, ಅವನನ್ನು ಅರಸಿ ಅಡುಗೆಯ ಪಾತ್ರೆ ಹಿಡಿದು ಬಾಗಿಲಿಗೆ ಬಂದ ಹೆಂಗಸೊಬ್ಬಳನ್ನು ತಾಯಿಯೂ ಮಗಳೂ ಬೈದು ಅಟ್ಟುವರು. ಇರುವೆಯ ಮೇಲೆ ಪಳಗಿದ ಕೈಯೇ ಇಲ್ಲಿಯೂ ಕೆಲಸ ಮಾಡಿದೆ. ಹಣವು ಹೊಸ ಗುಣವನ್ನು ತಂದಿಲ್ಲ, ಇದ್ದ ಗುಣಕ್ಕೆ ಅಂಗಳವನ್ನು ಅಗಲಮಾಡಿತು. ‘ಆಗ ಒಗ್ಗಟ್ಟಾಗಿದ್ದೆವು, ಈಗ ಕೆಟ್ಟೆವು’ ಎಂಬ ಧಾಟಿಯು ನಿರೂಪಕನದು. ದುಡಿಯದೆ ಸಂಬಳವನ್ನು ಪಡೆಯುತ್ತ ಕಾಫಿಹೌಸಿನಲ್ಲಿ ಹೊತ್ತುಗಳೆಯುವವನಿಗೆ ಆ ಧಾಟಿಯಿಂದ ಪ್ರಯೋಜನವುಂಟೆಂಬುದನ್ನು ವಿಮರ್ಶಕರು ಗಣಿಸದೆ, ಅವನ ಸಾಕ್ಷ್ಯವನ್ನೇ ತೀರ್ಪಾಗಿ ಬರೆದುಕೊಂಡರು.

ಇನ್ನು ರಾಷ್ಟ್ರ. ‘ರಾಷ್ಟ್ರವು ಮುಗ್ಧವಾಗಿತ್ತು’ ಎಂಬಲ್ಲಿ ಮುಖ್ಯಾರ್ಥವು ಬಾಧಿತವಾಗುವುದರಿಂದ ಲಕ್ಷಣೆಯನ್ನು ಆಶ್ರಯಿಸಬೇಕು. ಲಕ್ಷಣೆಗೆ ಸಂಬಂಧವೂ ಪ್ರಯೋಜನವೂ ಬೇಕು. ಯಾವ ಕಾಲದ, ಯಾವ ಜನರ ಮುಗ್ಧತೆ? ಗ್ರಂಥಕರ್ತರ ಜನ್ಮಭೂಮಿಯೇ ಇದಕ್ಕೆ ನಿಕಷ. ಅಂಕೋಲೆಯಲ್ಲಿ 1930ರ ಏಪ್ರಿಲಿನಲ್ಲಿ ಉಪ್ಪಿನ ಕಾಯಿದೆಯನ್ನು ಮುರಿದರು. 1932ರ ಕರನಿರಾಕರಣೆಯಲ್ಲಿ ಆ ಸೀಮೆಯ ರೈತರು ಭೂಮಿಯ ಜಪ್ತಿಯನ್ನು ಅನುಭವಿಸಿದರು. ಕರ್ನಾಟಕದ ಬಾರ್ಡೋಲಿ ಎಂಬ ಹೆಸರು ಆ ತಾಲೂಕಿಗೆ ಬಂದುದು ಆಗ. ಅವರನ್ನು ಮುಗ್ಧರೆನ್ನುವುದು ಹೊಗಳಿಕೆಯ ವೇಷದ ಅಪಚಾರ. ಹೊಲ ಹೋಗುವುದೆಂದೂ ಸೆರೆಮನೆ ಕಾದಿದೆಯೆಂದೂ ತಿಳಿದೇ ಕರವನ್ನು ತಡೆದವರು ಅವರು. ಲಾಭನಷ್ಟಗಳನ್ನು ಅಳೆದು ನಷ್ಟವನ್ನೇ ಆಯ್ದವರು. ಹೀಗಿರಲು ತರುವಾಯದ ರಾಷ್ಟ್ರವು ಕಳೆದುಕೊಂಡುದು ಮುಗ್ಧತೆಯನ್ನಲ್ಲ, ಜ್ಞಾನಪೂರ್ವಕವಾದ ವ್ರತವನ್ನು. ಕಳೆದುದಕ್ಕೆ ತಪ್ಪು ಹೆಸರಿಟ್ಟರೆ ಕಳೆದವನ ಹೊಣೆಯೂ ಮರೆಯಾಗುವುದು.

ಹಾಗಾದರೆ ಸಾದೃಶ್ಯವೇ ಇಲ್ಲವೆನ್ನಬೇಕೆ? ಉಂಟು, ಬೇರೊಂದು ಕಡೆ. ಅದನ್ನು ತೋರಿಸಲು ನೆರೆಯ ಕಾರವಾರವು ಒದಗುವುದು. ರವೀಂದ್ರನಾಥ ಠಾಕೂರರು ತರುಣರಾಗಿದ್ದಾಗ, ಅಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಬಳಿ ತಂಗಿ ‘ಪ್ರಕೃತಿರ್ ಪ್ರತಿಶೋಧ’ ಎಂಬ ನಾಟಕವನ್ನು ಬರೆದರು. ಅದು 1884ರಲ್ಲಿ ಅಚ್ಚಾಯಿತು. ಸಕಲ ಬಂಧನಗಳನ್ನೂ ಹರಿದುಕೊಂಡೆನೆಂಬ ಸಂನ್ಯಾಸಿಯು ತನ್ನನ್ನು ಆಶ್ರಯಿಸಿದ ಅನಾಥ ಬಾಲಿಕೆಯನ್ನು, ವಾತ್ಸಲ್ಯವು ಅಂಕುರಿಸಿತೆಂಬ ಭೀತಿಯಿಂದಲೇ ತೊರೆದು ಓಡುವನು. ಮರಳಿ ಬರುವಷ್ಟರಲ್ಲಿ ಅವಳು ಇಲ್ಲ. ಸಂನ್ಯಾಸಿಗೂ ಶಾನಭಾಗರ ನಿರೂಪಕನಿಗೂ ಹೊರನೋಟಕ್ಕೆ ಆಕಾಶಭೂಮಿಗಳ ಅಂತರ. ಒಬ್ಬನದು ವೈರಾಗ್ಯ, ಇನ್ನೊಬ್ಬನದು ಆಲಸ್ಯ. ಆದರೆ ತಾನು ಯಾವುದಕ್ಕೂ ಅಂಟಿಲ್ಲವೆಂಬ ಭಾವವು ಇಬ್ಬರಲ್ಲಿಯೂ ಒಂದೇ, ಅದರ ಬೆಲೆಯನ್ನು ತೆರಬೇಕಾದವಳು ಮತ್ತೊಬ್ಬಳೆಂಬುದೂ ಒಂದೇ. ನಿರೂಪಕನ ಹೆಂಡತಿ ಅನಿತಾ ತವರಿನಿಂದ ಮರಳಿಲ್ಲ. ಮನೆಯವರು ಕೊಲೆಯ ಉಪಾಯಗಳನ್ನು ಹರಟೆಯಂತೆ ಆಡಿದುದನ್ನು ಅವನು ಕೇಳಿದ್ದಾನೆ, ಆದರೂ ವಿಚಾರಿಸನು. ಸಂನ್ಯಾಸಿಯಾದರೋ ದಂಡವನ್ನು ಮುರಿದು ಹಿಂದಿರುಗಿದನು.

ಇದೇ ಕರಾವಳಿಯಲ್ಲಿ 1986ರಲ್ಲಿ ಸೀಬರ್ಡ್ ನೌಕಾನೆಲೆಗೆ ಶಂಕುಸ್ಥಾಪನೆಯಾಯಿತು. ಕಾರವಾರ, ಅಂಕೋಲೆ ತಾಲೂಕುಗಳ ಬೆಸ್ತರೂ ಬೇಸಾಯಗಾರರೂ ಮನೆ ಕಡಲುಗಳನ್ನು ಬಿಟ್ಟರು. ಪರಿಹಾರದ ವ್ಯಾಜ್ಯಗಳು ದಶಕಗಳವರೆಗೆ ನ್ಯಾಯಾಲಯಗಳಲ್ಲಿ ಎಳೆದುವು. ನೆಲೆಯು ಬೇಕಿತ್ತೇ ಬೇಡವೇ ಎಂಬುದು ಇಲ್ಲಿಯ ಚರ್ಚೆಯಲ್ಲ. ರಕ್ಷಣೆಯ ಫಲವನ್ನು ಉಣ್ಣುವ ದೂರದ ನಾಗರಿಕನು, ತೆತ್ತವರು ಯಾರೆಂದು ಕೇಳದೆಯೇ ನೆಮ್ಮದಿಯಾಗಿರಬಲ್ಲನಲ್ಲವೆ? ಅವನಿಗೂ ಮಸಾಲೆಯ ಹಣದ ಮೂಲವನ್ನು ಕೇಳದ ನಿರೂಪಕನಿಗೂ ಸಂಬಂಧವು ಕೂಡುತ್ತದೆ, ಲಕ್ಷಣೆಯೂ ಸಾರ್ಥಕವಾಗುತ್ತದೆ. ಇಲ್ಲಿ ಸಲ್ಲುವುದು ‘ಮುಹ್’ ಧಾತುವಿನ ಎರಡನೆಯ ರೂಪ.

ಕಥೆಯಲ್ಲಿ ಕೊರತೆಯೂ ಇಲ್ಲದಿಲ್ಲ. ಅನಿತೆಯ ಮಾತುಗಳು ನಿರೂಪಕನ ಬಾಯಿಂದಲೇ ಬರಬೇಕಾಗಿ ಅಲ್ಲಲ್ಲಿ ವಾದದಂತಾಗಿವೆ. ಆದರೆ ಅಂತ್ಯವು ನಿರ್ದುಷ್ಟ. ಕಾಫಿಹೌಸಿನ ಪರಿಚಾರಕ ವಿನ್ಸೆಂಟನ ಪ್ರತಿಯೊಂದು ಉಕ್ತಿಯಲ್ಲಿಯೂ ನಿರೂಪಕನು ಮೊದಲಿನಿಂದ ಗೂಢಧ್ವನಿಯನ್ನು ಅರಸಿದ್ದಾನೆ. ಕೊನೆಗೆ ಆತನು ಹೇಳುವುದು ಕೈಗೆ ರಕ್ತ ತಗಲಿದೆ, ತೊಳೆದುಕೊಳ್ಳಬಹುದೆಂದಷ್ಟೆ. ಅದು ಕೇವಲ ಅಭಿಧೆ; ಗ್ಲಾಸು ಒಡೆದು ಬೆರಳು ನಿಜವಾಗಿಯೇ ಕೊಯ್ದಿದೆ.